ಕುಮಾರಿ, ಶ್ರೀಮತಿ, ಲೇಟ್

ಚಿನ್ನಿ, ಪುಟ್ಟು, ಇಬ್ಬರೂ ಕೂತು ಓದಿ. ಬಿಳಿಚೋಡಿನ ಅಜ್ಜಿ ಫೋನು ಮಾಡಿದಾಗಲೆಲ್ಲ “ಲೇಟಮ್ಮ ಅದಾಳೇನು?” ಎಂದು ನನ್ನ ಬಗ್ಗೆ ಕೇಳುವುದು ಯಾಕೆ ಎಂದು ಈ ರಜೆಯಲ್ಲಿ ನೀವು ವಿಚಾರಿಸಿದಿರಿ. ಈ ಅಜ್ಜಿ ಎಲ್ಲ ಕಡೆಗೂ ತಡವಾಗಿ ಹೋಗುತ್ತಾರೆ, ಅದಕ್ಕೇ ಎಂದು ನಿಮ್ಮಪ್ಪ ಹೇಳಿ ತಪ್ಪಿಸಿಕೊಂಡರು. ಅದು ಶುದ್ಧ ಸುಳ್ಳು. ನಾನು ಬಸ್ಸಿಗೆ ಅರ್ಧ ಗಂಟೆ ಮೊದಲೇ ಹೋಗಿ ದೀಪದ ಕಂಬದ ಹಾಗೆ ನಿಲ್ಲುವವಳು. ನಿಜವಾದ ಕಾರಣವನ್ನು ಬಾಯಲ್ಲಿ ಹೇಳಲು ನನಗೆ ಆಗುವುದಿಲ್ಲ. ಮೂರು ಜನ ಸೇರಿದರೆ ನನ್ನ ನಾಲಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತದೆ. ಪುಟ್ಟುವಿನ ಹಳೆಯ ರಫ್ ಬುಕ್ಕಿನಲ್ಲಿ ಖಾಲಿ ಹಾಳೆಗಳು ಉಳಿದಿದ್ದವು, ಅದರಲ್ಲಿ ಬರೆಯುತ್ತಿದ್ದೇನೆ. ಹಿಂದಿನ ಪುಟದಲ್ಲಿರುವ ಭಾಗಾಕಾರದ ತಪ್ಪುಗಳು ನನ್ನವಲ್ಲ.

ನಾನು ನ್ಯಾಮತಿ ಹತ್ತಿರದ ನಮ್ಮೂರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಆಗ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೇ ಕ್ಲಾಸಿಗೆ. ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದನ್ನು ಚಿಹ್ನೆಗಳ ಸಮೇತ ಓದಿಸುತ್ತಿದ್ದರು. ಬಾಲದ ಚುಕ್ಕೆ ಬಂದರೆ “ಕಾಮಾ” ಎನ್ನಬೇಕು, ಬರೀ ಚುಕ್ಕೆ ಬಂದರೆ “ಫುಲ್‌ಸ್ಟಾಪ್” ಎನ್ನಬೇಕು. ಹೀಗಾಗಿ ಫುಲ್‌ಸ್ಟಾಪ್ ಎಂದರೆ ನಮ್ಮ “ರೀ” ಇದ್ದ ಹಾಗೆ, ಮಾತಿನ ಕೊನೆಗೆ ಮರ್ಯಾದೆಗೆ ಸೇರಿಸುವ ಪದ ಎಂದು ನಾನು ನಂಬಿದ್ದೆ. ಆ ವರ್ಷವೇ ಶಾಲೆಯ ತನಿಖೆಗೆ ಬಂದ ಸಾಹೇಬರು ನನ್ನನ್ನೇ ಎಬ್ಬಿಸಿ ಇಂಗ್ಲಿಷಿನಲ್ಲಿ ಹೆಸರು ಕೇಳಿದರು. ನಾನು ಹೆಸರು ಹೇಳಿ, ಕೊನೆಗೆ ಭಕ್ತಿಯಿಂದ “ಫುಲ್‌ಸ್ಟಾಪ್” ಎಂದೆ.

ಸಾಹೇಬರು ಮೇಷ್ಟ್ರ ಕಡೆ ತಿರುಗಿ, “ಫುಲ್‌ಸ್ಟಾಪ್ ಅನ್ನೋದು ಇವರ ಮನೆತನದ ಹೆಸರೇನ್ರಿ?” ಎಂದರು.

ಆ ದಿನದಿಂದ ಇಂಗ್ಲಿಷಿನ ಮುಂದೆ ಬಾಯಿ ಬಿಡಬಾರದು ಎಂದು ತೀರ್ಮಾನಿಸಿದೆ. ಬಾಯಿ ಬಿಡಲಿಲ್ಲವೇ ಹೊರತು ಮನಸ್ಸಿನಲ್ಲಿ ಬೈಯುವುದನ್ನು ಬಿಡಲಿಲ್ಲ. ಎಂಥ ಭಾಷೆ ಅದು? ನಾನು ಎನ್ನುವುದನ್ನು ಎಲ್ಲಿ ಬರೆದರೂ ದೊಡ್ಡ ಅಕ್ಷರದಲ್ಲೇ ಬರೆಯಬೇಕಂತೆ, ನೀವು ಎನ್ನುವುದಕ್ಕೆ ಚಿಕ್ಕ ಅಕ್ಷರ ಸಾಕಂತೆ. ತಹಶೀಲ್ದಾರರಿಗೂ ಯೂ, ಬೀದಿನಾಯಿಗೂ ಯೂ. ತೊಟ್ಟಿಲಲ್ಲಿ ಮಲಗಿದ ಅಳಿಯನ ತಮ್ಮನಿಗೂ “ಬರ್ರಿ” ಎನ್ನುವ ನಮ್ಮ ಕಡೆಯವರಿಗೆ ಇದು ಹೇಗೆ ಒಗ್ಗುತ್ತದೆ?

ಸತ್ತವರ ವಿಷಯದಲ್ಲಂತೂ ಆ ಭಾಷೆಗೆ ನಾಚಿಕೆಯೇ ಇಲ್ಲ. ನಿಮ್ಮಜ್ಜ ಹೊನ್ನಾಳಿಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸ ಮಾಡುತ್ತಿದ್ದರು. ಊಟಕ್ಕೆ ಕರೆದರೆ “ಈ ಒಂದು ಕಾಯಿಲ್ ಸುತ್ತಿ ಬರ್ತೀನಿ” ಎಂದು ಹೇಳಿ, ರೊಟ್ಟಿ ಹಪ್ಪಳವಾದ ಮೇಲೆ ಬರುತ್ತಿದ್ದರು. ಎದೆನೋವು ಮಾತ್ರ ಅವರಿಗಾಗಿ ಕಾಯಲಿಲ್ಲ. ಅವರು ತೀರಿಕೊಂಡ ದಿನ ಡಾಕ್ಟರು “ಎಕ್ಸ್‌ಪೈರ್ ಆಗ್ಯಾರೆ” ಎಂದರು. ಮಾತ್ರೆಯ ಪೊಟ್ಟಣದ ಹಿಂದೆ ಬರೆದಿರುತ್ತದಲ್ಲ, ಅದೇ ಪದ. ನಿಮ್ಮಮ್ಮನಿಗೆ ಪಾಠ ಹೇಳಿದ್ದ ಮೇಡಂ ಬಂದು ನನ್ನ ಕೈ ಹಿಡಿದು, “ಪಾಸ್ಡ್ ಅವೇ ಅಂತ ಗೊತ್ತಾಯ್ತು” ಎಂದರು. ಎಸ್ಸೆಸ್ಸೆಲ್ಸಿಗೆ ಮೂರು ಸಲ ಕೂತು ಮೂರು ಸಲವೂ ನಪಾಸಾದ ಮನುಷ್ಯ ಕೊನೆಗೂ ಪಾಸಾದರು ಎಂದು ಆ ದುಃಖದಲ್ಲೂ ನನಗೆ ಒಂದು ಗಳಿಗೆ ಅನ್ನಿಸಿತು. ಪರೀಕ್ಷೆಯಿಂದ ಒಂದು ಪದ, ಔಷಧಿ ಅಂಗಡಿಯಿಂದ ಒಂದು. ಮೂರನೆಯದು ಬಸ್‌ಸ್ಟ್ಯಾಂಡಿನಿಂದ ಬಂದದ್ದು, ಅದೇ ನನ್ನನ್ನು ಹಾಳು ಮಾಡಿದ್ದು.

ನಿಮ್ಮಜ್ಜ ಹೋದ ಎರಡು ತಿಂಗಳಿಗೆ ಒಂದು ಆಫೀಸಿನ ಮುಂದೆ ಪಿಂಚಣಿಯ ಕಾಗದ ಹಿಡಿದು ಕೂತಿದ್ದೆ. ಗುಮಾಸ್ತರು ತಲೆ ಎತ್ತದೆ, “ನಿಮ್ ಯಜಮಾನ್ರು ಲೇಟೇನ್ರಿ?” ಎಂದು ಕೇಳಿದರು.

“ಯಾವಾಗ್ಲೂ ಲೇಟೇ ಬರೋರು ಸಾರ್,” ಎಂದೆ. “ಈಗ ಬರಾದೇ ಇಲ್ಲ.”

ಅವರು ಒಂದು ಸಲ ನನ್ನ ಮುಖ ನೋಡಿದರು, ಏನೋ ಬರೆದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಕೂಗಿದರು: “ಲೇಟ್ ಕಡೆಯೋರು ಎಲ್ಲಾ ಈ ಸಾಲಿಗೆ ಬರ್ರಿ.” ಬೆಂಚಿನಿಂದ ಐದು ಜನ ಹೆಂಗಸರು ಎದ್ದರು. ಐವರ ಹಣೆಯೂ ಬರಿದಾಗಿತ್ತು. ನಾನೂ ಹೋಗಿ ಆರನೆಯವಳಾಗಿ ನಿಂತೆ. ಆಗ ನನಗೆ ಎಲ್ಲ ಅರ್ಥವಾಯಿತು ಅನ್ನಿಸಿತು. ಮದುವೆಗೆ ಮುಂಚೆ ಹೆಣ್ಣಿನ ಹೆಸರಿನ ಹಿಂದೆ ಕುಮಾರಿ. ಮದುವೆಯಾದರೆ ಶ್ರೀಮತಿ. ಗಂಡ ಹೋದರೆ ಲೇಟ್. ಕನ್ನಡದವರು ಬಾಯಿ ಬಿಟ್ಟು ಒರಟಾಗಿ ಹೇಳುವುದನ್ನು ಇಂಗ್ಲಿಷಿನವರು ಒಂದು ಮೆತ್ತನೆಯ ಪದದಲ್ಲಿ ಮುಗಿಸಿದ್ದಾರೆ ಎಂದು ಆ ಭಾಷೆಯ ಮೇಲೆ ಮೊದಲ ಸಲ ಪ್ರೀತಿ ಹುಟ್ಟಿತು. ನನ್ನ ಜೀವನದಲ್ಲಿ ನಾನೇ ಕಂಡುಹಿಡಿದ ವ್ಯಾಕರಣದ ನಿಯಮ ಅದೊಂದೇ.

ಅದಾಗಿ ಎರಡು ವರ್ಷಕ್ಕೆ ನಿಮ್ಮಮ್ಮ ಪ್ರೈಮರಿ ಶಾಲೆಯಲ್ಲಿ ಇಂಗ್ಲಿಷ್ ಟೀಚರಾಗಿದ್ದಳು. ನಗಬೇಡಿ, ಫುಲ್‌ಸ್ಟಾಪಿನ ಹೊಟ್ಟೆಯಲ್ಲಿ ಅಂಥ ಮಗಳು ಹುಟ್ಟಿದ್ದಳು. ಅವಳನ್ನು ಚನ್ನಗಿರಿಗೆ ಹತ್ತು ದಿನದ ತರಬೇತಿಗೆ ಹಾಕಿದರು. ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡುವುದು ಹೇಗೆ ಎಂಬುದು ತರಬೇತಿಯ ವಿಷಯ. ದಿನಾ ಸಂಜೆ ಬಂದು ಅಲ್ಲಿಯ ಕತೆ ಹೇಳುವಳು. ಜಗಳೂರು ತಾಲೂಕಿನ ಒಬ್ಬ ಮೇಷ್ಟ್ರು ಅವಳ ಗುಂಪಿನಲ್ಲೇ ಇದ್ದರಂತೆ, ಕಾಮಾ ಎಲ್ಲಿ ಹಾಕಬೇಕು ಎಂದು ಅವಳನ್ನು ಕೇಳುತ್ತಿದ್ದರಂತೆ. ಮಾರನೇ ದಿನವೂ ಕಾಮಾ. ಐದನೇ ದಿನವೂ ಕಾಮಾ.

“ಒಂದು ಕಾಮಾಕ್ಕೆ ಐದು ದಿನ ಯಾರ್ ಕೇಳ್ತಾರೆ?” ಎಂದೆ ನಾನು.

“ಅವರಿಗೆ ಅದು ಕಷ್ಟ ಆಗ್ತೈತಂತೆ ಅವ್ವಾ,” ಎಂದಳು, ಕೆನ್ನೆ ಕೆಂಪಗೆ ಮಾಡಿಕೊಂಡು.

ನಿಮ್ಮಪ್ಪನೇ ಆ ಕಾಮಾದ ಮೇಷ್ಟ್ರು. ಇಬ್ಬರಿಗೂ ಮನೆಯ ವಿಷಯ ಎತ್ತುವಷ್ಟು ಧೈರ್ಯ ಇರಲಿಲ್ಲ, ಹತ್ತು ದಿನವೂ ಮಾತಾಡಿದ್ದು ವ್ಯಾಕರಣವೇ. ತರಬೇತಿ ಮುಗಿದು ವಾರಕ್ಕೆ ನ್ಯಾಮತಿ ಕಡೆಯಲ್ಲಿರುವ ನನ್ನ ಅಣ್ಣನ ಮೂಲಕ ಅವರ ಮನೆಯಿಂದ ವಿಚಾರಣೆ ಬಂತು. ಅದಕ್ಕೂ ಮುಂಚೆ ಬಂದ ಎರಡು ಸಂಬಂಧಗಳನ್ನು ನಿಮ್ಮಮ್ಮ ಬೇಡ ಎಂದಿದ್ದಳು. ಈ ಸಲ ಬೇಡ ಎನ್ನಲಿಲ್ಲ. ಒಲೆಯ ಮುಂದೆ ನನ್ನ ಪಕ್ಕ ಬಂದು ಕೂತು, “ಅವ್ವಾ, ಇದು ಆದ್ರೆ ಆಗ್ಲಿ. ಇಲ್ಲಾಂದ್ರೆ ನನಗೆ ಬ್ಯಾರೆ ನೋಡಾಕೆ ಹೋಗ್ಬ್ಯಾಡ್ರಿ” ಎಂದಳು. ಅಪ್ಪ ಹೋದ ಮೇಲೆ ಅವಳು ನನ್ನ ಹತ್ತಿರ ಏನನ್ನೂ ಕೇಳಿದವಳಲ್ಲ. ಕೇಳಿದ್ದು ಇದೊಂದೇ.

ಈಗೆಲ್ಲ ಬಯೋಡಾಟವನ್ನು ಇಂಗ್ಲಿಷಿನಲ್ಲೇ ಕೊಡಬೇಕು ಎಂದು ಅಣ್ಣ ಹೇಳಿದ. ನಿಮ್ಮಮ್ಮ ಮುತ್ತಿನಂಥ ಅಕ್ಷರದಲ್ಲಿ ಒಂದು ಹಾಳೆ ಬರೆದು ಹೊನ್ನಾಳಿ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಡಿ.ಟಿ.ಪಿ. ಅಂಗಡಿಗೆ ಕೊಟ್ಟು ಶಾಲೆಗೆ ಹೋದಳು. ತರುವ ಕೆಲಸ ನನ್ನದು. ಅಂಗಡಿಯಾಕೆ ನನಗೆ ಗುರುತಿನವಳಲ್ಲ. ಟೈಪು ಮಾಡಿದ ಹಾಳೆಯನ್ನು ಕೈಗೆ ಕೊಟ್ಟು, “ತಪ್ಪು ಐತೇನೋ ನೋಡ್ರಿ ಅಮ್ಮಾ, ಆಮೇಲೆ ಪ್ರಿಂಟ್ ಹೊಡೀತೀನಿ” ಎಂದಳು.

ನನಗೆ ಬರುವುದಿಲ್ಲ ಎಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಪಕ್ಕದಲ್ಲಿ ಇಬ್ಬರು ಕಾಲೇಜು ಹುಡುಗಿಯರು ನಿಂತಿದ್ದರು, ನಾಚಿಕೆಯಾಯಿತು. ಹಾಳೆ ಹಿಡಿದು ಸಾಲಿನಿಂದ ಸಾಲಿಗೆ ಕಣ್ಣು ಓಡಿಸಿದೆ, ಸಾಲು ಮುಗಿದಾಗಲೆಲ್ಲ ತಲೆ ಆಡಿಸಿದೆ. ಅಕ್ಷರ ಕೂಡಿಸಿ ಓದಲು ಬರುತ್ತಿತ್ತು. ನಿಮ್ಮಜ್ಜನ ಹೆಸರಿನ ಹಿಂದೆ ಲೇಟ್ ಇತ್ತು, ಲೇಟ್ ಆದವಳ ಗಂಡನಲ್ಲವೇ, ಅವರಿಗೂ ಇರಲಿ ಎಂದುಕೊಂಡೆ. ನನ್ನ ಹೆಸರಿನ ಹಿಂದೆ ಶ್ರೀಮತಿ ಎಂದಿತ್ತು. ನನ್ನ ನಿಯಮದ ಪ್ರಕಾರ ಅದು ತಪ್ಪು. ವಿಧವೆ ಎಂಬುದನ್ನು ಮುಚ್ಚಿಟ್ಟರು ಎಂದು ನಾಳೆ ಬೀಗರು ಆಡಿಕೊಳ್ಳಬಾರದಲ್ಲ. ಐದನೇ ಕ್ಲಾಸಿನ ನಂತರ ಮೊದಲ ಬಾರಿ ಇಂಗ್ಲಿಷಿನ ವಿಷಯದಲ್ಲಿ ಬಾಯಿ ಬಿಟ್ಟೆ.

“ಹುಡುಗಿ ತಾಯಿ ಹೆಸರಿಗೆ ಶ್ರೀಮತಿ ಬ್ಯಾಡಮ್ಮಾ. ಅಲ್ಲೂ ಲೇಟ್ ಹಾಕು.”

ಅಂಗಡಿಯಾಕೆ ಕೈ ನಿಲ್ಲಿಸಿದಳು. “ಅಯ್ಯೋ ಪಾಪ, ಅವರೂನಾ?”

“ಹೂಂ,” ಎಂದೆ. “ಇಬ್ಬರದ್ದೂ ಒಂದೇ ದಿವ್ಸ.”

ಗಂಡ ಹೋದ ದಿನವೇ ನಾನು ಲೇಟಾದೆ ಎಂಬ ಅರ್ಥದಲ್ಲಿ ಹೇಳಿದ್ದು. ಅವಳು ಲೊಚಗುಟ್ಟಿ, ತಿದ್ದಿ, ಐದು ಪ್ರತಿ ಹೊಡೆದುಕೊಟ್ಟಳು. ನನ್ನ ಸಾವಿಗೆ ನಾನೇ ಸಾಕ್ಷಿಯಾಗಿ, ನಾನೇ ಕರೆಕ್ಷನ್ ನೋಡಿ, ಹಾಳೆ ಮಡಚಬಾರದು ಎಂದು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡು ಬಂದೆ. ನಾಲ್ಕನ್ನು ಅಣ್ಣ ಅವತ್ತೇ, ನಿಮ್ಮಮ್ಮ ಶಾಲೆಯಿಂದ ಬರುವ ಮೊದಲೇ ತೆಗೆದುಕೊಂಡು ಹೋದ. ಒಂದು ಟ್ರಂಕಿನಲ್ಲಿ ಉಳಿಯಿತು, ತಾನೇ ಬರೆದದ್ದಲ್ಲವೇ ಎಂದು ನಿಮ್ಮಮ್ಮ ಅದನ್ನು ತೆಗೆದು ನೋಡಲಿಲ್ಲ.

ಭಾನುವಾರ ಅವರು ಹೆಣ್ಣು ನೋಡಲು ಬಂದರು. ಶುಭಕಾರ್ಯಕ್ಕೆ ನನ್ನಂಥವಳು ಎದುರು ಬರಬಾರದು ಎಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ, ನಾನೇ ಅಡುಗೆಮನೆ ಸೇರಿದ್ದೆ. ಮಾತೆಲ್ಲ ಅಣ್ಣನದು. ಕೇಸರಿಬಾತು, ಉಪ್ಪಿಟ್ಟು ಮುಗಿಯುವ ಹೊತ್ತಿಗೆ ಹುಡುಗನ ತಾಯಿ, ಅಂದರೆ ನಿಮ್ಮ ಬಿಳಿಚೋಡಿನ ಅಜ್ಜಿ, ದೊಡ್ಡ ಗಂಟಲಲ್ಲಿ ಕೇಳಿದ್ದು ನನಗೆ ಒಳಗೆ ಕೇಳಿಸಿತು.

“ಉಪ್ಪಿಟ್ಟು ಚಲೋ ಆಗೈತೆ. ಯಾರ್ ಮಾಡಿದ್ದವ್ವಾ?”

“ನಮ್ಮವ್ವ,” ಎಂದಳು ನಿಮ್ಮಮ್ಮ.

ಆಮೇಲೆ ಹೊರಗೆ ಒಂದು ಚಮಚದ ಸದ್ದೂ ಬರಲಿಲ್ಲ. ಉಪ್ಪಿಟ್ಟಿನಲ್ಲಿ ಕಲ್ಲು ಸಿಕ್ಕಿತೇನೋ ಎಂದು ನಾನು ಗಾಬರಿಯಾದೆ. ನಿಮ್ಮ ಬಿಳಿಚೋಡಿನ ಅಜ್ಜಿ ಎದ್ದು ಬಂದು, ಬಾಗಿಲಲ್ಲಿ ನಿಂತು, ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಕಾಲನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು, ಪಾದ ಹಿಂದುಮುಂದಾಗಿದೆಯೇ ಎಂದು. ನಾನು ಸೆರಗು ಎಳೆದುಕೊಂಡು ಗೋಡೆಗೆ ಸರಿದೆ.

ಬುಧವಾರ ಅಣ್ಣ ಬಂದು ಹೊಸ್ತಿಲ ಮೇಲೆಯೇ ಕೂತ. ಅವರು ಬೇಡ ಎಂದಿದ್ದರು.

“ಏನಂದ್ರು ಮಾವಾ?” ಎಂದಳು ನಿಮ್ಮಮ್ಮ.

ಅಣ್ಣ ನನ್ನ ಮುಖ ನೋಡಲಿಲ್ಲ. “ಹೆತ್ತವ್ವನ್ನೇ ಕಾಗದದಾಗೆ ಕೊಂದು ಅಡಿಗೆಮನ್ಯಾಗೆ ಮುಚ್ಚಿಟ್ಟಾಳೆ, ನಾಳೆ ಅತ್ತೇನ ಬಿಡ್ತಾಳಾ ಅಂದ್ರು. ಓದಿಲ್ದ ತಾಯಿ ಅಂತ ನಾಚ್ಕೆಪಟ್ಟು ಸತ್ತಾಳೆ ಅಂತ ಬರ್ದಾಳೆ ಅಂತ.”

ನಿಮ್ಮಮ್ಮ ಟ್ರಂಕಿನಿಂದ ಉಳಿದ ಪ್ರತಿಯನ್ನು ತೆಗೆದು ನೋಡಿದಳು. ಬಹಳ ಹೊತ್ತು ನೋಡಿದಳು. “ನಾನು ಹಿಂಗೆ ಬರ್ದಿಲ್ಲ ಮಾವಾ. ಲೇಟ್ ಅಂದ್ರೆ ಸತ್ತೋರು. ಅಂಗಡಿಯಾಕೆ ಮಾಡಿದ ತಪ್ಪು ಇದು.”

“ನಾನೂ ಅದನ್ನೇ ಫೋನಿನಾಗೆ ಹೇಳ್ದೆ. ಇಂಗ್ಲಿಷ್ ಟೀಚರು ನೋಡ್ದೆ ಕಳಿಸ್ಯಾಳಾ, ಈಗ ಅಂಗಡಿ ಮ್ಯಾಲೆ ಹಾಕ್ತಾರೆ ಅಂದ್ರು.”

ಲೇಟ್ ಅಂದರೆ ಸತ್ತವರು. ನಾನು ಆ ಪದದ ಅರ್ಥ ಕಲಿತದ್ದು ಹಾಗೆ, ಕೈಯಲ್ಲಿ ಅಕ್ಕಿಯ ಮೊರ ಹಿಡಿದು ನಿಂತು. ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ನಿಮ್ಮಮ್ಮ ಅಳಲೂ ಇಲ್ಲ, ನಾಳೆ ಸಂಜೆ ಆ ಅಂಗಡಿಯಾಕೆಯನ್ನು ವಿಚಾರಿಸಿಕೊಳ್ಳುತ್ತೇನೆ ಎಂದು ಹೇಳಿ ಮಕ್ಕಳ ನೋಟ್‌ಬುಕ್ಕು ತಿದ್ದಲು ಕೂತಳು. ಒಂದೇ ಪುಟವನ್ನು ಮೂರು ಸಲ ತಿರುವಿದ್ದನ್ನು ನಾನು ನೋಡಿದೆ. ಕೊಂದವಳು ಅವಳಲ್ಲ, ಅಂಗಡಿಯಾಕೆಯೂ ಅಲ್ಲ. ಸತ್ತವಳೇ ಹೋಗಿ ಹೇಳದಿದ್ದರೆ ಇದು ಬಗೆಹರಿಯುವಂತಿರಲಿಲ್ಲ.

ಮಾರನೇ ಬೆಳಿಗ್ಗೆ ಅಣ್ಣನ ಮನೆಗೆ ಎಂದು ಸುಳ್ಳು ಹೇಳಿ ಹೊರಟೆ. ಮೊದಲು ಅಂಗಡಿಗೆ ಹೋಗಿ, ತಂತಿಗೆ ಚುಚ್ಚಿಟ್ಟಿದ್ದ ನಿಮ್ಮಮ್ಮನ ಕೈಬರಹದ ಹಾಳೆಯನ್ನು ಕೇಳಿ ಪಡೆದೆ. ಯಾಕೆ ಎಂದು ಅಂಗಡಿಯಾಕೆ ಕೇಳಿದಳು. “ಆ ಸತ್ತಾಕೆ ನಾನೇ” ಎಂದು ಹೇಳಿ, ಅವಳು ಬಾಯಿ ಮುಚ್ಚುವಷ್ಟರಲ್ಲಿ ಬಸ್ಸು ಹತ್ತಿದೆ. ದಾವಣಗೆರೆಯಲ್ಲಿ ಇಳಿದು ಜಗಳೂರು ಬಸ್ಸು ಹಿಡಿದು ಬಿಳಿಚೋಡಿಗೆ ಟಿಕೆಟ್ ತೆಗೆದೆ. ಒಬ್ಬಳೇ ಅಷ್ಟು ದೂರ ಹೋದದ್ದು ಅದೇ ಮೊದಲು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ಇಳಿದ ಕೂಡಲೇ ಮರೆತೆ.

ನಿಮ್ಮ ಬಿಳಿಚೋಡಿನ ಅಜ್ಜಿ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಎದ್ದೇಳಲಿಲ್ಲ. “ಬರ್ರಿ. ಸತ್ತೋರು ಬಿಸಿಲಾಗೆ ತಿರುಗಾಡಬಾರ್ದು, ನೆಳ್ಳಿಗೆ ಕುಂದ್ರಿ.”

ನಾನು ಕೂತೆ. ಕೈ ಸುಮ್ಮನಿರಲಾರದೆ ಒಂದು ಹಿಡಿ ಶೇಂಗಾ ತೆಗೆದುಕೊಂಡು ಬಿಡಿಸತೊಡಗಿದೆ. ಕಣ್ಣು ಕೈಯ ಮೇಲಿದ್ದಾಗ ನನಗೆ ಮಾತು ಬರುತ್ತದೆ. “ನನ್ ಮಗಳು ನನ್ನ ಕೊಂದಿಲ್ಲ ಅಕ್ಕಾ. ನಾನೇ ಸತ್ತಿದ್ದು,” ಎಂದೆ.

“ಅಂದ್ರೆ?”

ಹೇಳಿದೆ. ಆಫೀಸು, ಐದು ಜನ ಹೆಂಗಸರು, ಕುಮಾರಿ, ಶ್ರೀಮತಿ, ಲೇಟ್. ಅಂಗಡಿಯಲ್ಲಿ ಓದಲು ಬಂದವಳ ಹಾಗೆ ತಲೆ ಆಡಿಸಿದ್ದನ್ನೂ ಬಿಡದೆ ಹೇಳಿದೆ. ಆಕೆ ಶೇಂಗಾ ಬಿಡಿಸುವುದನ್ನು ನಿಲ್ಲಿಸಿ ಕೇಳಿದಳು.

“ಹಂಗಾರೆ ನೀವು ಮುಚ್ಚಿಡಬಾರ್ದು ಅಂತ ಬರ್ಸಿದ್ದು.”

“ಹೂಂ.”

“ನನಗೂ ಇಂಗ್ಲಿಷ್ ಬರಲ್ಲ. ಆದ್ರೂ ಬರಲ್ಲ ಅಂತ ಹೇಳಾಕೆ ಬರ್ತೈತೆ.” ಒಂದು ಕಾಯಿ ಒಡೆದು ಬಾಯಿಗೆ ಹಾಕಿಕೊಂಡಳು. “ಎಲ್ಲಾ ಸರಿ. ಮಗಳ್ನ ಉಳಿಸ್ಕೊಳ್ಳಾಕೆ ತಾಯಿ ಸುಳ್ಳು ಹೇಳಾದೂ ಉಂಟಲ್ಲ? ಇವತ್ತು ಬಂದು ತಪ್ಪು ನಂದು ಅಂತೀರಿ. ನಂಬಾದು ಹೆಂಗೆ? ನಮ್ ಯಜಮಾನ್ರು ಬರ್ಲಿ, ಕೇಳಾಣ. ಕುರಿ ಹೊಡ್ಕಂಡು ಹೋಗ್ಯಾರೆ, ಇವತ್ತು ಲೇಟು.”

ಹೇಳಿದ ಮೇಲೆ ಆಕೆಗೆ ತಾನೇನು ಹೇಳಿದೆ ಎಂಬುದು ಹೊಳೆಯಿತು. ನಾನು ಆಕೆಯ ಮುಖ ನೋಡಿದೆ. ಆಕೆ ನನ್ನ ಮುಖ ನೋಡಿದಳು.

“ಬಿಡ್ತು ಅನ್ನಿ,” ಎಂದೆ.

“ಬಿಡ್ತು, ಬಿಡ್ತು,” ಎಂದು ಎರಡು ಸಲ ನೆಲ ಮುಟ್ಟಿದಳು. ಆಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅಲುಗಾಡತೊಡಗಿದಳು. ನಗುವುದೋ ಅಳುವುದೋ ಎಂದು ಮೊದಲು ತಿಳಿಯಲಿಲ್ಲ. ನನಗೂ ತಡೆಯಲಾಗಲಿಲ್ಲ. ಬಿಡಿಸಿದ ಶೇಂಗಾವೂ ಸಿಪ್ಪೆಯೂ ಕಲೆತುಹೋದವು.

ಅಷ್ಟಕ್ಕೇ ಬಿಡುವ ಹೆಂಗಸಲ್ಲ ಆಕೆ. ಕಣ್ಣು ಒರೆಸಿಕೊಂಡು, “ಆದ್ರೂ ನಂಬಾಕೆ ಏನಾರ ಬೇಕು,” ಎಂದಳು. ನಾನು ಕವರಿನಿಂದ ಕೈಬರಹದ ಹಾಳೆ ತೆಗೆದುಕೊಟ್ಟೆ. ಆಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಒಳಗೆ ಕೂಗಿದಳು. ನಿಮ್ಮಪ್ಪ ಅವತ್ತು ಶಾಲೆಗೆ ಹೋಗಿರಲಿಲ್ಲ. ಭಾನುವಾರದಿಂದ ಊಟವನ್ನೂ ಸರಿಯಾಗಿ ಮಾಡಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಹಾಳೆ ಕೈಗೆ ತೆಗೆದುಕೊಂಡವರೇ ಬೆಳಗಿಹೋದರು.

“ಅವ್ವಾ, ಇದ್ರಾಗೆ ತಾಯಿ ಹೆಸರಿಗೆ ಶ್ರೀಮತಿ ಅಂತಾನೇ ಐತೆ. ತಂದೆಗೆ ಮಾತ್ರ ಲೇಟ್. ಆಕೆ ಸರಿಯಾಗೇ ಬರ್ದಾಳೆ.”

“ಯಾರೋ ಬರ್ದುಕೊಟ್ಟಿರಬೌದು.”

“ಇಲ್ಲವ್ವಾ, ಇದು ಆಕೇದೇ ಅಕ್ಷರ. ಕಾಮಾ ನೋಡು, ಬಾಲ ಇಷ್ಟುದ್ದ ಎಳೆಯೋದು ಆಕೆ ಒಬ್ಬಳೇ.”

ನಿಮ್ಮ ಬಿಳಿಚೋಡಿನ ಅಜ್ಜಿ ಬಹಳ ನಿಧಾನಕ್ಕೆ, “ಆಕೆ ಕಾಮಾದ ಬಾಲ ಎಷ್ಟುದ್ದ ಅಂತ ನಿನಗೆ ಹೆಂಗ್ ಗೊತ್ತಲೇ?” ಎಂದಳು.

ನಿಮ್ಮಪ್ಪ ಹಾಳೆ ಕೈಯಲ್ಲಿ ಹಿಡಿದು ಹಟ್ಟಿಯ ಕಡೆ, ಬಾವಿಯ ಕಡೆ, ಆಕಾಶದ ಕಡೆ ನೋಡಿದರು. ಎಲ್ಲೋ ಒಳ್ಳೆ ಹುಡುಗಿ ಅದಾಳಂತೆ ಎಂದಷ್ಟೇ ಮನೆಯಲ್ಲಿ ಹೇಳಿದ್ದರು, ಚನ್ನಗಿರಿಯ ಹತ್ತು ದಿನದ ಸುದ್ದಿ ಎತ್ತಿರಲಿಲ್ಲ. ಪಾಪ, ಕೊನೆಗೆ “ಟ್ರೈನಿಂಗು” ಎಂದರು.

“ಟ್ರೈನಿಂಗು,” ಎಂದಳು ಆಕೆ ನನ್ನ ಕಡೆ ತಿರುಗಿ. “ಕೇಳಿದ್ರಾ? ನಾವಿಬ್ರೂ ಇಲ್ಲಿ ಸತ್ತೋರು ಬದುಕಿದೋರು ಅಂತ ಲೆಕ್ಕ ಹಾಕ್ತಾ ಕುಂತಿದೀವಿ. ಹೋಗಲೇ, ಸತ್ತೋರಿಗೆ ಚಾ ಇಡು. ಸಕ್ರೆ ಜಾಸ್ತಿ ಹಾಕು, ಬೀಗರು.”

ಹೀಗೆ ನಿಮ್ಮಮ್ಮನ ಮದುವೆ ಗೊತ್ತಾಯಿತು. ಅವತ್ತು ಸಂಜೆ ಮನೆಗೆ ಬಂದು ಅವಳಿಗೆ ಎಲ್ಲ ಹೇಳಿದೆ. ಒಂದು ಇಡೀ ದಿನ ನನ್ನ ಜೊತೆ ಮಾತು ಬಿಟ್ಟಳು. ಎರಡನೇ ದಿನ ಟ್ರಂಕಿನಲ್ಲಿದ್ದ ಬಯೋಡಾಟ ತೆಗೆದು, ಕೆಂಪು ಪೆನ್ನಿನಲ್ಲಿ ನನ್ನ ಲೇಟನ್ನು ಹೊಡೆದುಹಾಕಿ, ಮೇಲೆ ಶ್ರೀಮತಿ ಬರೆದು, ಮೂಲೆಯಲ್ಲಿ ಹತ್ತಕ್ಕೆ ಸೊನ್ನೆ ಕೊಟ್ಟಳು. ಆಮೇಲೆ ನನ್ನ ಮಡಿಲಿನಲ್ಲಿ ತಲೆ ಇಟ್ಟು ಬಹಳ ಹೊತ್ತು ಅತ್ತಳು. ಲಗ್ನಪತ್ರಿಕೆಯಲ್ಲಿ ಒಂದಕ್ಷರವೂ ಇಂಗ್ಲಿಷ್ ಇರಬಾರದು ಎಂದು ಬೀಗಿತ್ತಿ ಹಟ ಹಿಡಿದಳು. ಅಷ್ಟೇ ಅಲ್ಲ, ನನ್ನನ್ನು ಅಡುಗೆಮನೆಯಿಂದ ಎಳೆದು ತಂದು ಧಾರೆಯ ಹೊತ್ತಿಗೆ ಮುಂದಿನ ಸಾಲಿನಲ್ಲಿ ಕೂರಿಸಿದಳು. ಯಾರೋ ಗೊಣಗಿದರು. “ಈಯಮ್ಮ ಒಂದ್ಸಲ ಒಳಗೆ ಕುಂತಿದ್ದಕ್ಕೆ ಆದ ರಾಮಾಯಣ ಸಾಕು” ಎಂದು ಅವರ ಬಾಯಿ ಮುಚ್ಚಿಸಿದಳು. ನನಗೆ ಲೇಟಮ್ಮ ಎಂಬ ಹೆಸರಿಟ್ಟದ್ದೂ ಅವತ್ತೇ.

ಇದಾದ ಮೇಲೆ ನಿಮ್ಮಮ್ಮ ನನಗೆ ಸ್ವಲ್ಪ ಇಂಗ್ಲಿಷ್ ಹೇಳಿಕೊಟ್ಟಳು. ಡಬ್ಲ್ಯೂ ಬರೆದು ಓರೆ ಗೀಟು ಎಳೆದು ಓ ಬರೆದರೆ “ಇಂಥವರ ಹೆಂಡತಿ” ಎಂದೂ ಅರ್ಥವಂತೆ, “ಇಲ್ಲದೆ” ಎಂದೂ ಅರ್ಥವಂತೆ. ಆ ಎರಡೂ ನಾನೇ. ಅದೊಂದು ವಿಷಯದಲ್ಲಿ ಇಂಗ್ಲಿಷಿನವರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ.

ಈ ರಫ್ ಬುಕ್ಕನ್ನು ಹಳೇ ಪೇಪರಿನ ಜೊತೆ ತೂಕಕ್ಕೆ ಹಾಕಬೇಡಿ. ಟ್ರಂಕಿನಲ್ಲಿ ಆ ಬಯೋಡಾಟ ಇದೆ, ನಿಮ್ಮಮ್ಮನ ಕೈಬರಹದ ಹಾಳೆಯೂ ಇದೆ, ಇದನ್ನೂ ಅದರ ಜೊತೆಗೇ ಇಡಿ. ಮುಂದೆ ಯಾರಾದರೂ ನಿಮ್ಮಮ್ಮ ತಾಯಿಯನ್ನು ಕಾಗದದಲ್ಲಿ ಕೊಂದಳು ಎಂದು ಮಾತು ತೆಗೆದರೆ, ಆ ಕೆಲಸ ಮಾಡಿದವಳು ನಾನೇ ಎಂದು ನನ್ನ ಕೈಯಾರೆ ಬರೆದುಕೊಟ್ಟದ್ದು ಇದೊಂದೇ, ಇದನ್ನು ತೋರಿಸಿ. ಕಾಮಾ, ಚುಕ್ಕೆ ತಪ್ಪಿದ್ದರೆ ತಿದ್ದಬೇಡಿ. ಟೈಪು ಮಾಡಿಸಲು ಅಂಗಡಿಗೆ ಕೊಡಲೇಬೇಡಿ. ನಿಜವಾಗಿ ಲೇಟ್ ಹಾಕುವ ದಿನ ಬಂದಾಗ ಇಬ್ಬರೂ ಕೂತು ಸರಿಯಾಗಿ ನೋಡಿ ಹಾಕಿ. ಅಲ್ಲಿಯವರೆಗೆ ಟ್ರಂಕಿನ ಬೀಗದ ಕೈ ಚಿನ್ನಿಯ ಹತ್ತಿರ ಇರಲಿ, ಪುಟ್ಟು ಕಳೆದುಹಾಕುತ್ತಾನೆ.